ಹೆಬ್ಬೆಟ್ಟಿನ ಪೆಟ್ಟಿಗೆ ಮತ್ತು ಐದನೆಯ ಅಂಶ

ಪೇಟೆಂಟ್ ಉಲ್ಲಂಘನೆಯ ನೋಟಿಸ್ ಹಿಡಿದುಕೊಂಡು ಬಂದವರು ಇಬ್ಬರು. ಒಬ್ಬರು ಅರವತ್ತರ ಆಸುಪಾಸಿನ ಹಿರಿಯರು. ಒಂದು ಕಾಲದಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಇನ್ನೊಬ್ಬ ಅವರ ಅಣ್ಣನ ಮಗ, ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮುಗಿಸಿದವನು. ಇಬ್ಬರೂ ಸೇರಿ ಕಪನೂರು ಕೈಗಾರಿಕಾ ಪ್ರದೇಶದ ಒಂದು ಬಾಡಿಗೆ ಶೆಡ್ಡಿನಲ್ಲಿ ಕೈಯಲ್ಲಿ ಹಿಡಿದು ಒಯ್ಯುವಂಥ ಬೆರಳಚ್ಚಿನ ಯಂತ್ರ ತಯಾರಿಸುತ್ತಿದ್ದರು. ಹುಡುಗ ಅವರನ್ನು ಕಾಕಾ ಎನ್ನುತ್ತಿದ್ದ. ಎರಡನೆಯ ಭೇಟಿಯ ಹೊತ್ತಿಗೆ ನಾನೂ ಕಾಕಾ ಎಂದೇ ಕರೆಯತೊಡಗಿದ್ದೆ.

ಕುಳಿತುಕೊಳ್ಳುವ ಮೊದಲೇ ಕಾಕಾ ಹೇಳಿದ ಮಾತು: "ನಾವು ಯಾರದ್ದೂ ಕದ್ದಿಲ್ಲ, ಸರ್."

ಪೇಟೆಂಟ್ ಏಜೆಂಟನಾಗಿ ನಾನು ಈ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ. ಹೇಳುವವರು ಬಹುತೇಕ ನಿಜವನ್ನೇ ಹೇಳುತ್ತಿರುತ್ತಾರೆ, ಆದರೆ ಆ ನಿಜದಿಂದ ಏನೂ ಉಪಯೋಗವಾಗುವುದಿಲ್ಲ. ಕೃತಿಸ್ವಾಮ್ಯದ ಜಗಳದಲ್ಲಾದರೆ ನಕಲು ಮಾಡಿದ್ದು ಸಾಬೀತಾಗಬೇಕು. ಪೇಟೆಂಟಿನಲ್ಲಿ ಹಾಗಿಲ್ಲ. ಬೇರೆಯವರ ಯಂತ್ರವನ್ನು ಕಣ್ಣಿನಿಂದಲೂ ನೋಡದೆ, ಸ್ವಂತ ಬುದ್ಧಿಯಿಂದ ಅದನ್ನೇ ಮಾಡಿದ್ದರೂ ಉಲ್ಲಂಘನೆ ಉಲ್ಲಂಘನೆಯೇ. ಇದನ್ನು ಅರ್ಥ ಮಾಡಿಸಲು ಆವತ್ತಿನ ಅರ್ಧ ಹೊತ್ತು ಹೋಯಿತು. ನಾವು ಕದ್ದಿಲ್ಲ ಎಂದು ಭಾವಾವೇಶದಿಂದ ಮೂರು ಪುಟದ ಉತ್ತರವನ್ನು ಹುಡುಗ ಆಗಲೇ ಬರೆದಿಟ್ಟುಕೊಂಡಿದ್ದ. ಅಂಚೆಗೆ ಹಾಕಿರಲಿಲ್ಲ ಎಂಬುದೇ ಪುಣ್ಯ. ಏಕೆಂದರೆ ಅದರಲ್ಲಿ "ನಮ್ಮ ಯಂತ್ರವೂ ನಿಮ್ಮ ಯಂತ್ರದ ಹಾಗೆಯೇ ಕೆಲಸ ಮಾಡುತ್ತದೆ, ಆದರೆ ಸ್ವಂತದ್ದು" ಎಂಬ ಸಾಲಿತ್ತು.

ಈ ಪ್ರಕರಣವನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎದುರು ಕಂಪನಿಯ ಹೆಸರು ಎಲ್ಲಿಯೂ ಬರುವುದಿಲ್ಲ.

ಪೆಟ್ಟಿಗೆ

ಮೊದಲು ಯಂತ್ರದ ಬಗ್ಗೆ. ಊಟದ ಡಬ್ಬಿಯಷ್ಟು ದೊಡ್ಡದು. ಮೇಲೆ ಬೆರಳಿಡುವ ಗಾಜು, ಎರಡು ಸಾಲಿನ ಸಣ್ಣ ಪರದೆ, ನಾಲ್ಕು ಗುಂಡಿ, ಒಳಗೆ ಬ್ಯಾಟರಿ. ಬೆರಳಚ್ಚು ಓದುವ ಭಾಗವನ್ನು ಅವರು ಸಿದ್ಧವಾಗಿಯೇ ಕೊಂಡು ತರುತ್ತಾರೆ. ಬೋರ್ಡು, ಕವಚ ಮತ್ತು ಒಳಗಿನ ಪ್ರೋಗ್ರಾಂ ಅವರದೇ. ಕೊಳ್ಳುವವರು ಬೀಜ, ಗೊಬ್ಬರ ಹಂಚುವ ರೈತರ ಸಂಘಗಳು ಮತ್ತು ಶಹಾಬಾದ್ ಕಡೆಯ ಫರಸಿ ಕಲ್ಲಿನ ಗಣಿಗಳಲ್ಲಿ ಹಾಜರಿ ಹಿಡಿಯುವ ಗುತ್ತಿಗೆದಾರರು.

ಆಧಾರ್ ಯಂತ್ರ ಇರುವಾಗ ಇದೇಕೆ ಎಂದು ನಾನೂ ಕೇಳಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟಾಗ ಹೋಲಿಕೆ ನಡೆಯುವುದು ಅಂಗಡಿಯಲ್ಲಲ್ಲ. ಬೆರಳಚ್ಚು ಗೂಢಲಿಪಿಯಾಗಿ ದೂರದ ಆಧಾರ್ ಸರ್ವರಿಗೆ ಹೋಗಿ, ಅಲ್ಲಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಮರಳಬೇಕು. ಚಿಂಚೋಳಿಯ ಕಾಡಂಚಿನ ತಾಂಡಾಗಳಲ್ಲಿ ಆ ಉತ್ತರಕ್ಕಾಗಿ ಜನ ಗುಡ್ಡ ಹತ್ತಿ ನಿಲ್ಲುವುದನ್ನು ಈ ಭಾಗದವರಿಗೆ ನಾನು ಬಣ್ಣಿಸಬೇಕಾಗಿಲ್ಲ. ಕಾಕಾನ ಪೆಟ್ಟಿಗೆಗೆ ಸಿಗ್ನಲ್ಲಿನ ಗೊಡವೆಯೇ ಇಲ್ಲ. ಒಂದು ಸಂಘದ ಸದಸ್ಯರ ಬೆರಳಚ್ಚುಗಳನ್ನು ಮಾತ್ರ ತನ್ನೊಳಗೆ ಇಟ್ಟುಕೊಂಡು, ತಾನೇ ಹೋಲಿಸಿ, ಬಂದವರು ಸದಸ್ಯರು ಹೌದೋ ಅಲ್ಲವೋ ಎಂದು ಹೇಳುತ್ತದೆ.

ಇದಕ್ಕಿಂತ ಜಾಣತನದ ಸಂಗತಿ ಇನ್ನೊಂದಿದೆ. ಕಲ್ಲು ಸೀಳುವವರ, ಹತ್ತಿ ಬಿಡಿಸುವವರ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಒಪ್ಪದಿದ್ದಾಗ ಅವರು ಬೆರಳನ್ನು ಹಣೆಗೋ ತಲೆಗೂದಲಿಗೋ ಒರೆಸಿ, ಎಣ್ಣೆಯ ಪಸೆ ಹತ್ತಿಸಿ ಮತ್ತೆ ಇಡುತ್ತಾರೆ. ಹಾಗಾಗಿ ಈ ಪೆಟ್ಟಿಗೆಯಲ್ಲಿ ಹೆಸರು ನೋಂದಾಯಿಸುವಾಗ ಹತ್ತೂ ಬೆರಳನ್ನು ಮೂರು ಮೂರು ಸಲ ಇಡಿಸುತ್ತಾರೆ. ಯಾವ ಬೆರಳಿನ ಗೆರೆ ಸ್ಪಷ್ಟವಾಗಿ ಮೂಡುತ್ತದೆಯೋ ಅದನ್ನು ಮೊದಲಿಗೆ, ಅನಂತರದ್ದನ್ನು ಎರಡನೆಯದಾಗಿ ಯಂತ್ರವೇ ಸಾಲು ಹಚ್ಚಿಕೊಳ್ಳುತ್ತದೆ. ಮುಂದಿನ ಸಲ ಆ ವ್ಯಕ್ತಿ ಬಂದಾಗ ಪರದೆಯ ಮೇಲೆ "ಎಡಗೈ, ಉಂಗುರ ಬೆರಳು" ಎಂದು ಕಾಣಿಸುತ್ತದೆ. ಶೆಡ್ಡಿನಲ್ಲಿ ನೆಲ ಗುಡಿಸುವ ಅಜ್ಜಿಯೊಬ್ಬರ ಮೇಲೆ ಅವರು ಇದನ್ನು ಪರೀಕ್ಷಿಸಿದ್ದರು. ಆಕೆಯ ಎರಡೂ ಹೆಬ್ಬೆಟ್ಟುಗಳು ಗಾಜಿನ ಮೇಲೆ ಬರೀ ಬೂದು ಮಚ್ಚೆಯಾಗಿ ಮೂಡುತ್ತಿದ್ದವು. ಎಡಗೈಯ ಉಂಗುರ ಬೆರಳು ಮಾತ್ರ ಅಚ್ಚುಕಟ್ಟಾಗಿತ್ತು.

ಚಕ್ಕುಬಂದಿ

ನೋಟಿಸ್ ಕಳಿಸಿದ್ದು ಹೊರರಾಜ್ಯದ ಒಂದು ಕಂಪನಿ. ಅವರ ಬಳಿ ಭಾರತದ ಪೇಟೆಂಟ್ ಇತ್ತು, ವಾರ್ಷಿಕ ಶುಲ್ಕವೂ ಕಟ್ಟಿತ್ತು. ಶೀರ್ಷಿಕೆಯಲ್ಲಿ "ಸಾಗಿಸಬಹುದಾದ ಬಯೋಮೆಟ್ರಿಕ್ ಗುರುತು ಪರಿಶೀಲನಾ ಸಾಧನ" ಎಂಬರ್ಥದ ಮಾತು. ಅದನ್ನು ಓದಿಯೇ ಕಾಕಾನ ಎದೆ ಒಡೆದಿತ್ತು. "ಇದು ನಮ್ಮ ಪೆಟ್ಟಿಗೆಯೇ ಅಲ್ಲವೇ?" ಎಂದರು.

ಶೀರ್ಷಿಕೆ ಎಂದರೆ ಊರಿನ ಹೆಸರು ಮಾತ್ರ. ಹೊಲ ಯಾರದ್ದು, ಎಲ್ಲಿಯವರೆಗೆ ಎಂದು ಹೇಳುವುದು ಚಕ್ಕುಬಂದಿ. ಪೇಟೆಂಟಿನ ಕೊನೆಯಲ್ಲಿ ಅಂಕಿ ಹಾಕಿ ಬರೆದಿರುವ ಕ್ಲೇಮುಗಳೇ, ಎಂದರೆ ಹಕ್ಕಿನ ಬೇಡಿಕೆಗಳೇ, ಆ ಚಕ್ಕುಬಂದಿ. ಒಂದು ಕ್ಲೇಮಿನಲ್ಲಿ ಐದು ಅಂಶಗಳಿದ್ದರೆ ಐದೂ ನಮ್ಮ ಯಂತ್ರದಲ್ಲಿರಬೇಕು. ನಾಲ್ಕಿದ್ದು ಒಂದು ಇಲ್ಲದಿದ್ದರೆ, ಆ ಇಲ್ಲದ್ದಕ್ಕೆ ಸರಿಸಮಾನವಾದದ್ದೂ ಇಲ್ಲದಿದ್ದರೆ, ನಾವು ಅವರ ಹೊಲದ ಬದುವಿನ ಆಚೆಗಿದ್ದೇವೆ.

ಅವರ ಮೊದಲ ಕ್ಲೇಮಿನಲ್ಲಿ ಇದ್ದದ್ದೂ ಐದೇ. ಕೈಯಲ್ಲಿ ಹಿಡಿಯಬಹುದಾದ ಕವಚ, ಬೆರಳಚ್ಚಿನ ಸಂವೇದಕ, ಬೆರಳಚ್ಚುಗಳನ್ನು ಇಟ್ಟುಕೊಳ್ಳುವ ಮೆಮೊರಿ, ಹಲವು ಬೆರಳುಗಳ ಗುಣಮಟ್ಟ ಹೋಲಿಸಿ ಸಾಲು ಹಚ್ಚುವ ಪ್ರೊಸೆಸರ್, ಕೊನೆಗೆ, ಸಂಪರ್ಕ ಇಲ್ಲದಾಗ ದಾಖಲೆಗಳನ್ನು ಗೂಢಲಿಪಿಯಲ್ಲಿ ಇಟ್ಟುಕೊಂಡು, ಸಂಪರ್ಕ ಬಂದ ಕೂಡಲೇ ತಾನಾಗಿಯೇ ಸರ್ವರಿಗೆ ಕಳುಹಿಸುವ ಘಟಕ. ಮೊದಲ ನಾಲ್ಕೂ ಕಾಕಾನ ಪೆಟ್ಟಿಗೆಯಲ್ಲಿದ್ದವು. ಹುಡುಗನ ಮುಖ ಬಾಡಿತು, ಏಕೆಂದರೆ ನಾಲ್ಕನೆಯದು ಅವನ ಹೆಮ್ಮೆ.

ಐದನೆಯದರ ಹತ್ತಿರ ಬಂದಾಗ ನಾನು ಪೆಟ್ಟಿಗೆ ಬಿಚ್ಚಲು ಹೇಳಿದೆ. ನಾಲ್ಕು ಸ್ಕ್ರೂ. ಒಳಗೆ ಹಸಿರು ಬೋರ್ಡು, ಕೈಯಿಂದ ಬೆಸುಗೆ ಹಾಕಿದ ಗುರುತುಗಳು, ಬ್ಯಾಟರಿಯ ಸುತ್ತ ಕಪ್ಪು ಟೇಪು. ಸಿಮ್ ಇಲ್ಲ, ವೈಫೈ ಇಲ್ಲ, ಬ್ಲೂಟೂತ್ ಇಲ್ಲ. ಬೋರ್ಡಿನ ಒಂದು ಮೂಲೆಯಲ್ಲಿ, ಹೊರಗಿನ ಸಂಪರ್ಕ ಕೊಡುವ ಮೋಡೆಮ್ ಕೂರಿಸಲು ಬಿಟ್ಟ ಜಾಗ ಮಾತ್ರ ಖಾಲಿಯಾಗಿ ಹೊಳೆಯುತ್ತಿತ್ತು. "ಅದನ್ನು ಹಾಕಿದರೆ ಬೆಲೆ ಏರುತ್ತದೆ, ಸಂಘದವರು ಕೊಳ್ಳುವುದಿಲ್ಲ" ಎಂದ ಹುಡುಗ. ಹಾಗಾದರೆ ದಾಖಲೆ ಹೊರಗೆ ಹೋಗುವುದು ಹೇಗೆ? ಸಂಘದ ಕಾರ್ಯದರ್ಶಿ ಶನಿವಾರ ಮೆಮೊರಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕುತ್ತಾನೆ. ಗೂಢಲಿಪಿ? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜನರ ಬೆರಳಚ್ಚನ್ನು ಗೂಢಲಿಪಿಯಿಲ್ಲದೆ ಕಾರ್ಡಿನಲ್ಲಿಟ್ಟು ಜೇಬಿನಲ್ಲಿ ಹಾಕಿಕೊಂಡು ತಿರುಗುವುದು ಶುದ್ಧ ಬೇಜವಾಬ್ದಾರಿ. ಅದನ್ನು ಅವರಿಗೆ ಬಿರುಸಾಗಿಯೇ ಹೇಳಿದೆ. ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸಲು ಬರುವುದಿಲ್ಲ. ಆದರೆ ಆ ಹೊತ್ತಿಗೆ ಅವರನ್ನು ಕಾಪಾಡುತ್ತಿದ್ದದ್ದು ಇದೇ ತಪ್ಪು ಮತ್ತು ಇದೇ ಬಡತನ ಎಂಬುದೂ ನನಗೆ ಕಾಣುತ್ತಿತ್ತು.

ಕಡತದಲ್ಲಿ ಸಿಕ್ಕಿದ ವಾಕ್ಯ

ಪೇಟೆಂಟ್ ಅರ್ಜಿಯೊಂದು ಪ್ರಕಟವಾದ ಮೇಲೆ ಅದರ ಕಡತ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಯಾರಿಗಾದರೂ ಪುಕ್ಕಟೆಯಾಗಿ ಸಿಗುತ್ತದೆ. ಪರೀಕ್ಷಕರು ಎತ್ತಿದ ಆಕ್ಷೇಪ, ಅರ್ಜಿದಾರರು ಕೊಟ್ಟ ಉತ್ತರ, ಕ್ಲೇಮಿನಲ್ಲಿ ಮಾಡಿದ ತಿದ್ದುಪಡಿ ಎಲ್ಲವೂ ಅಲ್ಲಿರುತ್ತವೆ. ನೋಟಿಸ್ ಬಂದವರು ವಕೀಲರ ಮನೆಗೆ ಓಡುವಷ್ಟೇ ಅವಸರದಲ್ಲಿ ಈ ಕಡತವನ್ನೂ ತೆರೆಯಬೇಕು. ಹಾಗೆ ಮಾಡುವವರನ್ನು ನಾನು ಕಂಡಿರುವುದು ಅಪರೂಪ.

ಮೂಲ ಅರ್ಜಿಯಲ್ಲಿ ಐದನೆಯ ಅಂಶ ಇರಲೇ ಇಲ್ಲ! ಮೊದಲ ನಾಲ್ಕನ್ನೇ ಇಟ್ಟುಕೊಂಡು ಕಂಪನಿ ಪೇಟೆಂಟ್ ಕೇಳಿತ್ತು. ಇದರಲ್ಲಿ ಹೊಸದೇನೂ ಇಲ್ಲ, ಗೊತ್ತಿರುವ ಭಾಗಗಳನ್ನೇ ಒಟ್ಟಿಗೆ ಜೋಡಿಸಿದ್ದೀರಿ ಎಂದು ಪರೀಕ್ಷಕರು ಆಕ್ಷೇಪಿಸಿದ್ದರು. ಪೇಟೆಂಟ್ ಕಾಯ್ದೆಯ 3(ಎಫ್) ಕಲಮಿನ ಪ್ರಕಾರ, ತಮ್ಮ ತಮ್ಮ ಕೆಲಸವನ್ನು ಎಂದಿನಂತೆ ಮಾಡಿಕೊಂಡಿರುವ ಸಾಧನಗಳನ್ನು ಬರೀ ಪಕ್ಕಪಕ್ಕ ಜೋಡಿಸಿದರೆ ಅದು ಆವಿಷ್ಕಾರವಲ್ಲ. ಆಗ ಕಂಪನಿಯವರು ಐದನೆಯದನ್ನು ಸೇರಿಸಿ, ಸಂಪರ್ಕ ಬಂದ ಕೂಡಲೇ ಮನುಷ್ಯರ ಕೈ ತಗುಲದೆ ದಾಖಲೆ ಹೋಗುವುದೇ ತಮ್ಮ ಆವಿಷ್ಕಾರದ ತಿರುಳು ಎಂಬರ್ಥದ ಉತ್ತರ ಕೊಟ್ಟಿದ್ದರು. ಪೇಟೆಂಟ್ ಸಿಕ್ಕಿದ್ದು ಆ ಮಾತಿನ ಬಲದಿಂದ. ಪೇಟೆಂಟ್ ಪಡೆಯುವಾಗ ಒಂದು ಮಾತು, ಹಕ್ಕು ಚಲಾಯಿಸುವಾಗ ಇನ್ನೊಂದು ಮಾತು ಎಂದರೆ ನ್ಯಾಯಾಲಯದಲ್ಲಿ ನಡೆಯುವುದು ಕಷ್ಟ.

ಹುಡುಗನ ಹೆಮ್ಮೆಯ ನಾಲ್ಕನೆಯ ಅಂಶದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಕಂಪನಿಯದ್ದೂ ಅಲ್ಲ, ಹುಡುಗನದ್ದೂ ಅಲ್ಲ. ಯಾವ ವ್ಯಕ್ತಿಗೆ ಯಾವ ಬೆರಳು ಚೆನ್ನಾಗಿ ಹೊಂದುತ್ತದೆ ಎಂದು ಮೊದಲೇ ಕಂಡುಕೊಂಡು ಅದನ್ನೇ ಇಡಿಸುವ ವಿಧಾನವನ್ನು ಆಧಾರ್ ಪ್ರಾಧಿಕಾರ 2012ರ ಹೊತ್ತಿಗೇ 'ಬೆಸ್ಟ್ ಫಿಂಗರ್ ಡಿಟೆಕ್ಷನ್' ಎಂಬ ಹೆಸರಿನಲ್ಲಿ ಬಹಿರಂಗವಾಗಿ ಪ್ರಕಟಿಸಿತ್ತು. ಕಂಪನಿಯ ಅರ್ಜಿ ಅದಕ್ಕಿಂತ ಎಷ್ಟೋ ಈಚಿನದು. ಈ ಸುದ್ದಿ ಕೇಳಿ ಕಾಕಾನಿಗೆ ಸಂತೋಷವಾಯಿತು, ಹುಡುಗನಿಗೆ ಆಗಲಿಲ್ಲ. ತಾನೇ ಕಂಡುಹಿಡಿದೆ ಎಂದುಕೊಂಡಿದ್ದ ಸಂಗತಿ ತನಗಿಂತ ಮೊದಲೇ ಲೋಕದಲ್ಲಿತ್ತು ಎಂದು ಗೊತ್ತಾದಾಗ ಆಗುವ ಸಂಕಟ ಬೇರೆಯೇ ಬಗೆಯದು. ಬೆರಳಚ್ಚಿನ ವಿಷಯದಲ್ಲಂತೂ ಅದು ಹಳೆಯ ಕಥೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆಯ ಕರಾರಿನ ಮೇಲೆ ಗುತ್ತಿಗೆದಾರನ ಅಂಗೈ ಅಚ್ಚು ಒತ್ತಿಸಿಕೊಂಡಾಗಿನಿಂದ ಈ ದಾರಿಯಲ್ಲಿ ನಡೆದವರು ಬಹಳ ಮಂದಿ.

ಬೀದರಿನ ಮೂರು

ಇಷ್ಟು ಹೊತ್ತಿಗೆ ಪ್ರಕರಣ ಗೆದ್ದಂತೆಯೇ ಎಂದು ನಾನು ಒಳಗೊಳಗೇ ಬೀಗಿದ್ದೆ. ಚಹಾ ಮುಗಿಯುವಾಗ ಕಾಕಾ ಮೆಲ್ಲಗೆ, "ಬೀದರಿಗೆ ಕೊಟ್ಟ ಮೂರರಲ್ಲಿ ಡಾಂಗಲ್ ಇದೆ" ಎಂದರು.

ಬೀದರಿನ ಖರೀದಿದಾರರೊಬ್ಬರು ತಮ್ಮದೇ ಸರ್ವರ್, ತಮ್ಮದೇ ಸಾಫ್ಟ್‌ವೇರ್ ಇಟ್ಟುಕೊಂಡಿದ್ದರು. ಪೆಟ್ಟಿಗೆಗೆ ಒಂದು ಯುಎಸ್‌ಬಿ ಕಿಂಡಿ ಕೊಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದಿದ್ದರು. ಇವರು ಕಿಂಡಿ ಕೊಟ್ಟರು. ಖರೀದಿದಾರರು ಇಂಟರ್ನೆಟ್ ಸಂಪರ್ಕ ಕೊಡುವ ಡಾಂಗಲ್ ಸಿಕ್ಕಿಸಿ, ತಮ್ಮ ಪ್ರೋಗ್ರಾಂ ಹಾಕಿದರು. ಸಿಗ್ನಲ್ ಬಂದಾಗ ದಾಖಲೆ ತಾನಾಗಿಯೇ ಹೋಗುತ್ತಿತ್ತು, ಅದೂ ಗೂಢಲಿಪಿಯಲ್ಲಿ. ಐದಕ್ಕೆ ಐದು.

ಪೆಟ್ಟಿಗೆ ಒಬ್ಬರದು, ಸಾಫ್ಟ್‌ವೇರ್ ಇನ್ನೊಬ್ಬರದು, ಎರಡೂ ಕೂಡಿದಾಗ ಮಾತ್ರ ಉಲ್ಲಂಘನೆ. ಆಗ ಪೆಟ್ಟಿಗೆ ಮಾರಿದವರ ಹೊಣೆ ಎಷ್ಟು? ಬೆರಳಚ್ಚಿನ ಯಂತ್ರಗಳ ಬಗ್ಗೆಯೇ ಅಮೆರಿಕದಲ್ಲಿ ಇದೇ ಪ್ರಶ್ನೆ ವರ್ಷಗಟ್ಟಲೆ ನಡೆಯಿತು. ಕೊರಿಯಾದ ಸುಪ್ರೆಮಾ ಕಂಪನಿ ಬೆರಳಚ್ಚಿನ ಸ್ಕ್ಯಾನರುಗಳನ್ನು ಅಮೆರಿಕಕ್ಕೆ ಕಳಿಸುತ್ತಿತ್ತು. ಅಲ್ಲಿನ ಮೆಂಟಾಲಿಕ್ಸ್ ಕಂಪನಿ ಅವಕ್ಕೆ ತನ್ನ ಸಾಫ್ಟ್‌ವೇರ್ ಜೋಡಿಸುತ್ತಿತ್ತು. ಜೋಡಿಸಿದ ಮೇಲೆ ಮಾತ್ರ ಕ್ರಾಸ್ ಮ್ಯಾಚ್ ಎಂಬ ಕಂಪನಿಯ ಪೇಟೆಂಟಿನ ವಿಧಾನ ಪೂರ್ಣವಾಗುತ್ತಿತ್ತು. 2011ರಲ್ಲಿ ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ ಸುಪ್ರೆಮಾದ ವಿರುದ್ಧ ತೀರ್ಪು ಕೊಟ್ಟಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರ ಪೀಠ, ಗಡಿ ದಾಟುವಾಗ ಸ್ಕ್ಯಾನರ್ ಏನನ್ನೂ ಉಲ್ಲಂಘಿಸಿರಲಿಲ್ಲ ಎಂದು ಅದನ್ನು ತಳ್ಳಿಹಾಕಿತು. 2015ರಲ್ಲಿ ಪೂರ್ಣ ಪೀಠ 6–4ರ ಬಹುಮತದಿಂದ ಆಯೋಗದ ನಿಲುವೇ ಸರಿ ಎಂದಿತು: ಮಾರಿದವರೇ ಉಲ್ಲಂಘನೆಗೆ ಪ್ರೇರಣೆ ಕೊಟ್ಟಿದ್ದರೆ, ಜೋಡಣೆ ಆಮದಿನ ನಂತರ ನಡೆಯಿತು ಎಂಬ ನೆಪ ಸಲ್ಲದು.

ಅದು ಅಮೆರಿಕದ ಆಮದು ಕಾನೂನಿನ ಮಾತು. ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಇಂಥ ಪರೋಕ್ಷ ಉಲ್ಲಂಘನೆಗೆಂದು ನಮ್ಮ 1970ರ ಕಾಯ್ದೆಯಲ್ಲಿ ಪ್ರತ್ಯೇಕ ಕಲಮೂ ಇಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರುವ ಹಾಗಿರಲಿಲ್ಲ. ಕಿಂಡಿ ಏತಕ್ಕೆ ಬೇಕೆಂದು ಗೊತ್ತಿದ್ದೇ ಕೊಟ್ಟಿದ್ದರು. ಹುಡುಗನ ವಾಟ್ಸ್ಆಪ್‌ನಲ್ಲಿ ಅದರ ಪೂರ್ತಿ ಮಾತುಕತೆಯೇ ಇತ್ತು. ಬೀದರಿನವರಂತೂ ಯಂತ್ರವನ್ನು ನೇರವಾಗಿ ಬಳಸುತ್ತಿದ್ದರು, ಮತ್ತು 48ನೆಯ ಕಲಮಿನಲ್ಲಿ ತಯಾರಿಕೆ, ಮಾರಾಟದ ಜೊತೆ ಬಳಕೆಯೂ ಪೇಟೆಂಟುದಾರರ ಹಕ್ಕಿನೊಳಗೆ ಬರುತ್ತದೆ. ಒಂದೇ ಆಸರೆ 111ನೆಯ ಕಲಂ: ಪೇಟೆಂಟ್ ಇದೆ ಎಂದು ತಿಳಿದಿರಲಿಲ್ಲ, ತಿಳಿಯಲು ಸಕಾರಣವೂ ಇರಲಿಲ್ಲ ಎಂದು ತೋರಿಸಿದರೆ ಆ ಅವಧಿಯ ನಷ್ಟ ಕಟ್ಟಿಕೊಡಬೇಕಾಗಿಲ್ಲ. ನೋಟಿಸ್ ಕೈಗೆ ಬಂದ ದಿನದಿಂದ ಆ ಆಸರೆಯೂ ಇಲ್ಲ.

ಹನ್ನೊಂದು ಲಕೋಟೆ

ಇಷ್ಟೆಲ್ಲ ಕಾನೂನಿನ ಮಾತು. ಆದರೆ ಶೆಡ್ಡಿಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಕಂಪನಿಯ ವಕೀಲರು ನೋಟಿಸಿನ ಪ್ರತಿಯನ್ನು ಯಂತ್ರ ಕೊಂಡಿದ್ದ ಹನ್ನೊಂದು ಸಂಘಗಳಿಗೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದರು. ಬಳಸುವುದೂ ಅಪರಾಧ ಎಂಬ ಧಾಟಿಯಲ್ಲಿ. ಪೇಟೆಂಟ್ ಉಲ್ಲಂಘನೆ ಸಿವಿಲ್ ವ್ಯಾಜ್ಯ, ಅದಕ್ಕೆ ಜೈಲಿಲ್ಲ. ಆಳಂದ ತಾಲ್ಲೂಕಿನ ಒಂದು ಸಂಘದ ಕಾರ್ಯದರ್ಶಿಗೆ ಅದನ್ನು ಯಾರು ಹೇಳಬೇಕು? ಆತ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಬೀರುವಿನ ಮೇಲಿಟ್ಟು, ಹಳೆಯ ಹಾಜರಿ ಪುಸ್ತಕ ಇಳಿಸಿದ. ಕೊಡಬೇಕಿದ್ದ ಬಾಕಿಯನ್ನು ನಿಲ್ಲಿಸಿದ. ಉಳಿದವರೂ ಅದೇ ಹಾದಿ ಹಿಡಿದರು. ಮೊಕದ್ದಮೆ ಹೂಡದೆಯೇ ಕಂಪನಿಗೆ ತಡೆಯಾಜ್ಞೆ ಸಿಕ್ಕಂತಾಯಿತು.

ಈ ಕುತಂತ್ರವನ್ನು ಕಾಯ್ದೆ ಬರೆದವರು ಊಹಿಸಿದ್ದರು ಎಂಬುದು ಅವರ ಹೆಚ್ಚುಗಾರಿಕೆ. 106ನೆಯ ಕಲಮಿನ ಪ್ರಕಾರ ಆಧಾರವಿಲ್ಲದೆ ಉಲ್ಲಂಘನೆಯ ಬೆದರಿಕೆ ಹಾಕಿದವರ ವಿರುದ್ಧ ನಾವೇ ದಾವೆ ಹೂಡಬಹುದು. ಬೆದರಿಕೆ ನಮಗೇ ಬಂದಿರಬೇಕೆಂದಿಲ್ಲ, ನಮ್ಮ ಗಿರಾಕಿಗೆ ಬಂದಿದ್ದರೂ ಸಾಕು. ಬೆದರಿಕೆ ನಿಲ್ಲಿಸುವ ಆಜ್ಞೆ, ಆದ ನಷ್ಟ, ಎರಡನ್ನೂ ಕೇಳಬಹುದು. ಇಂಥ ಪೇಟೆಂಟ್ ಇದೆ ಎಂದಷ್ಟೇ ತಿಳಿಸಿದ್ದರೆ ಅದು ಬೆದರಿಕೆಯಾಗುವುದಿಲ್ಲ; ಆ ಹನ್ನೊಂದು ಲಕೋಟೆಗಳು ಅದಕ್ಕಿಂತ ಬಹಳ ಮುಂದೆ ಹೋಗಿದ್ದವು.

ಪೇಟೆಂಟನ್ನೇ ರದ್ದು ಮಾಡಿಸೋಣ ಎಂಬುದು ಹುಡುಗನ ಹಟ. ಅದಕ್ಕೆ ಆಧಾರವೂ ಇತ್ತು. ಕೊಟ್ಟ ಮಾತ್ರಕ್ಕೆ ಪೇಟೆಂಟ್ ಸಿಂಧು ಎಂಬ ಖಾತ್ರಿ ನಮ್ಮ ಕಾಯ್ದೆಯಲ್ಲಿಲ್ಲ. ಲೇತಿನಲ್ಲಿ ತಿರುವುವಾಗ ಪಾತ್ರೆಯನ್ನು ಹಿಡಿದಿಡುವ ಸಾಧನವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿಯೇ, ಕಸುಬುದಾರರು ವರ್ಕ್‌ಶಾಪಿನಲ್ಲಿ ಸಹಜವಾಗಿ ಮಾಡಿಕೊಳ್ಳುವ ಸುಧಾರಣೆಗೆ ಪೇಟೆಂಟ್ ಸಲ್ಲದು ಎಂದು ಹೇಳಿ ಆ ಪೇಟೆಂಟನ್ನು ಎತ್ತಿಹಿಡಿಯಲು ಒಪ್ಪಲಿಲ್ಲ. ಆದರೆ ಪೇಟೆಂಟ್ ಪ್ರಕಟವಾಗಿ ಒಂದು ವರ್ಷ ಕಳೆದಿದ್ದರಿಂದ ಪೇಟೆಂಟ್ ಕಚೇರಿಯಲ್ಲಿ ವಿರೋಧ ಸಲ್ಲಿಸುವ ಅಗ್ಗದ ದಾರಿ ಮುಚ್ಚಿತ್ತು. ಉಳಿದದ್ದು ಹೈಕೋರ್ಟಿನಲ್ಲಿ ರದ್ದತಿ ಅರ್ಜಿ. ಹೈಕೋರ್ಟ್ ಪೀಠ ಕಲಬುರಗಿಗೆ ಬಂದು ನಮ್ಮ ಓಡಾಟವೇನೋ ತಪ್ಪಿದೆ, ಖರ್ಚು ತಪ್ಪಿಲ್ಲ. ತಾಂತ್ರಿಕ ಸಾಕ್ಷಿಗಳು, ಹಿರಿಯ ವಕೀಲರು, ವರ್ಷಗಳ ಕಾಯುವಿಕೆ. ಅಷ್ಟರಲ್ಲಿ ಶೆಡ್ಡಿನ ಬಾಡಿಗೆ ಕಟ್ಟುವವರು ಯಾರು?

ನಾನು ಸೂಚಿಸಿದ್ದು ಸಪ್ಪೆ ದಾರಿ. 105ನೆಯ ಕಲಮಿನಂತೆ ಮೊದಲು ಕಂಪನಿಗೆ ಪತ್ರ: ನಮ್ಮ ಯಂತ್ರದ ಪೂರ್ಣ ವಿವರ ಇಲ್ಲಿದೆ, ಇದು ನಿಮ್ಮ ಪೇಟೆಂಟನ್ನು ಉಲ್ಲಂಘಿಸುವುದಿಲ್ಲ ಎಂದು ಲಿಖಿತವಾಗಿ ಒಪ್ಪಿ. ಒಪ್ಪದಿದ್ದರೆ ಅದೇ ಘೋಷಣೆಯನ್ನು ನ್ಯಾಯಾಲಯದಿಂದ ಕೇಳಬಹುದು. ಆ ದಾವೆಯಲ್ಲಿ ಪೇಟೆಂಟಿನ ಸಿಂಧುತ್ವವನ್ನು ಪ್ರಶ್ನಿಸುವಂತಿಲ್ಲ, ನ್ಯಾಯಾಲಯ ಬೇರೆ ಹೇಳದ ಹೊರತು ಎರಡೂ ಕಡೆಯ ಖರ್ಚು ನಮ್ಮದೇ ಎಂಬ ಕಹಿಯನ್ನೂ ತಿಳಿಸಿದೆ. ಕಾಕಾ ಒಪ್ಪಿದರು. ಹುಡುಗ ಎರಡು ದಿನ ನನ್ನ ಫೋನ್ ತೆಗೆಯಲಿಲ್ಲ.

ಪತ್ರ ಕಳಿಸುವ ಮೊದಲು ಬೀದರಿನ ಮೂರಕ್ಕೆ ಒಂದು ಗತಿ ಕಾಣಿಸಬೇಕಿತ್ತು. ಡಾಂಗಲ್ ಇರಲಿ, ಒಂದು ಗುಂಡಿ ಕೊಡೋಣ. ಗುಂಡಿ ಒತ್ತಿದರೆ ದಾಖಲೆ ಹೋಗಲಿ, ಆಗ ಅದು 'ತಾನಾಗಿ' ಅಲ್ಲವಲ್ಲ ಎಂದ ಹುಡುಗ. ವಾದ ಚೆನ್ನಾಗಿತ್ತು. ಮನುಷ್ಯರ ಕೈ ತಗುಲಬಾರದು ಎಂದು ಕಂಪನಿಯೇ ಬರೆದುಕೊಟ್ಟಿದೆ, ಇಲ್ಲಿ ಕೈ ತಗುಲುತ್ತಿದೆ. ಆದರೂ ಗುಂಡಿ ಎಂಬುದು ಹೆಸರಿಗೆ ಮಾತ್ರ, ಪರಿಣಾಮ ಒಂದೇ ಎಂದು ಅವರು ವಾದಿಸಬಹುದು. ನ್ಯಾಯಾಧೀಶರು ಯಾವ ಕಡೆ ವಾಲುತ್ತಾರೆ ಎಂದು ನಾನು ಬರೆದುಕೊಡಲಾರೆ. ಮೂರು ಯಂತ್ರಕ್ಕಾಗಿ ಉಳಿದ ಎಲ್ಲವನ್ನೂ ಪಣಕ್ಕಿಡುವುದು ಬೇಡ ಎಂದೆ. ಇಬ್ಬರೂ ಹುಮನಾಬಾದ್ ಮೇಲಿನ ಬಸ್ಸಿನಲ್ಲಿ ಬೀದರಿಗೆ ಹೋಗಿ, ಡಾಂಗಲ್ ಬಿಚ್ಚಿಸಿ, ಕಿಂಡಿಗೆ ಎಪಾಕ್ಸಿ ಅಂಟು ತುಂಬಿ, ಮೂರರದ್ದೂ ಫೋಟೊ ತೆಗೆದು, ಖರೀದಿದಾರರಿಂದ ತಾರೀಖು ಹಾಕಿದ ಸಹಿ ಪಡೆದು ಬಂದರು. ಅವರ ಹಣದಲ್ಲಿ ಒಂದು ಭಾಗವನ್ನು ಮರಳಿಸಬೇಕಾಯಿತು. ಅದೇ ವಾರ ಎಲ್ಲ ಯಂತ್ರಗಳ ಕಾರ್ಡಿಗೂ ಗೂಢಲಿಪಿ ಹಾಕಿಸಿದೆ. ಐದನೆಯ ಅಂಶದ ಅರ್ಧ ಮಾತ್ರ ಅದು. ತಾನಾಗಿ ಕಳುಹಿಸುವ ಇನ್ನರ್ಧ ಇಲ್ಲದಿದ್ದರೆ ಬದು ದಾಟಿದಂತಾಗುವುದಿಲ್ಲ.

ಕಂಪನಿ ನಮ್ಮ ಪತ್ರಕ್ಕೆ ಉತ್ತರಿಸಲಿಲ್ಲ. ಆಗ ನಮ್ಮ ವಕೀಲರು 105 ಮತ್ತು 106ರ ದಾವೆಗೆ ಮುಂಚಿನ ಹೆಜ್ಜೆಯಾಗಿ, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಪ್ರಕಾರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮುಂದೆ ಮಧ್ಯಸ್ಥಿಕೆಗೆ ಅರ್ಜಿ ಹಾಕಿದರು. ಕಂಪನಿಯವರು ಬರಲಾರರು ಎಂದುಕೊಂಡಿದ್ದೆ, ಬಂದರು. ಒಳಗೆ ಆಡಿದ ಮಾತು ಗೋಪ್ಯ, ಅದನ್ನು ಬರೆಯುವಂತಿಲ್ಲ. ಅವರದೇ ಕಡತದ ಆ ಒಂದು ಪುಟವನ್ನು ನಾನು ಮೂರು ಪ್ರತಿ ಮಾಡಿಸಿಕೊಂಡು ಹೋಗಿದ್ದೆ ಎಂದಷ್ಟೇ ಹೇಳುತ್ತೇನೆ.

ಹೊರಗೆ ಬಂದದ್ದು ಇಷ್ಟು. ಮೋಡೆಮ್ ಇಲ್ಲದ ಯಂತ್ರದ ಮೇಲೆ ತಮಗೆ ಯಾವ ದಾವೆಯೂ ಇಲ್ಲವೆಂದು ಕಂಪನಿ ಬರೆದುಕೊಟ್ಟಿತು. ಪೇಟೆಂಟ್ ಇರುವವರೆಗೆ ಮೋಡೆಮ್ ಹಾಕುವುದಿಲ್ಲ, ಬೀದರಿನಂಥ ಕಿಂಡಿ ಕೊಡುವುದಿಲ್ಲ ಎಂದು ಇವರು ಬರೆದುಕೊಟ್ಟರು. ಯಾರೂ ಯಾರಿಗೂ ಹಣ ಕೊಡಲಿಲ್ಲ. ಹನ್ನೊಂದು ಸಂಘಗಳಿಗೂ ಹಿಂದಿನ ನೋಟಿಸನ್ನು ಹಿಂಪಡೆಯುವ ಪತ್ರವನ್ನು ಕಂಪನಿಯೇ ಕಳಿಸಬೇಕೆಂದಾಯಿತು. ಈ ಷರತ್ತಿಗೆ ನಾವು ಪಟ್ಟು ಹಿಡಿದಿದ್ದೆವು. ಹುಡುಗನಿಗೆ ಈ ರಾಜಿ ಇವತ್ತಿಗೂ ಸೋಲೇ. ರದ್ದಾಗಬಹುದಾಗಿದ್ದ ಪೇಟೆಂಟೊಂದು ಇನ್ನೊಬ್ಬನನ್ನು ಹೆದರಿಸಲು ಉಳಿದುಕೊಂಡಿತು ಎಂದು ಅವನು ಹೇಳಿದಾಗ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ಪತ್ರಗಳು ಹೋದ ಮೇಲೆ ಒಂಬತ್ತು ಸಂಘಗಳು ಯಂತ್ರ ಮತ್ತೆ ಹಚ್ಚಿದವು, ಬಾಕಿಯೂ ನಿಧಾನವಾಗಿ ಬಂತು. ಇನ್ನೆರಡು ಬರಲಿಲ್ಲ. ಅವುಗಳಲ್ಲೊಂದು ಆಳಂದ ಕಡೆಯದು. ಕಾಕಾ ತಾವೇ ಹೋಗಿ, ಕಂಪನಿ ನೋಟಿಸ್ ಹಿಂಪಡೆದ ಪತ್ರವನ್ನು ಓದಿ ಹೇಳಿದರು. ಕಾರ್ಯದರ್ಶಿ ಪೂರ್ತಿ ಕೇಳಿಸಿಕೊಂಡು, ಚಹಾ ತರಿಸಿ, ಬೀರುವಿನ ಮೇಲಿನ ಗೋಣಿಚೀಲವನ್ನು ಇಳಿಸಿ ಅವರ ಕೈಗೇ ಕೊಟ್ಟ. "ಇರಲಿ ಕಾಕಾ, ನಮಗೆ ಪುಸ್ತಕವೇ ಸಾಕು" ಎಂದ.